ಹವ್ಯಾಸಿಗಳ ಫ್ಯಾನ್ ಫಿಕ್ಷನ್: ವಿಮರ್ಶೆ ಹೇಗೆ, ಅಣಕ ಎಲ್ಲಿಯವರೆಗೆ? ಕೊಡಗಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರಾವಾಹಿಯ ಜೋಡಿ, ಸಿನಿಮಾ ನಾಯಕ, ಕ್ರಿಕೆಟ್ ಆಟಗಾರ, ಕೊರಿಯಾದ ಹಾಡುಗಾರರ ತಂಡ – ಇವರನ್ನಿಟ್ಟುಕೊಂಡು ಕಥೆ ಕಟ್ಟುವವರು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕಾಲೇಜುಗಳಲ್ಲೂ ಇದ್ದಾರೆ, ತೋಟದ ಮನೆಗಳಲ್ಲೂ ಇದ್ದಾರೆ. ಓದಿ ನಗುವವರೂ ಅಕ್ಕಪಕ್ಕದಲ್ಲೇ ಇದ್ದಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ತೊಡಕಿನವು ಕೊನೆಗೆ.

## ಶುರುವಿಗೆ

ಫ್ಯಾನ್ ಫಿಕ್ಷನ್ ಅಂದ್ರೆ ಬೇರೆಯವರ ಕಥೆ ಕದ್ದು ಬರೆಯೋದಾ?

ಅಲ್ಲ. ಈಗಾಗಲೇ ಇರುವ ಪಾತ್ರಗಳನ್ನು ತೆಗೆದುಕೊಂಡು ಅಭಿಮಾನಿಯೊಬ್ಬರು ಸ್ವಂತ ವಾಕ್ಯಗಳಲ್ಲಿ ಹೊಸ ಪ್ರಸಂಗ ಬರೆದರೆ ಅದು ಫ್ಯಾನ್ ಫಿಕ್ಷನ್. ಧಾರಾವಾಹಿಯಲ್ಲಿ ದೂರವಾದ ಜೋಡಿಯನ್ನು ಒಂದು ಮಾಡುವುದು, ಖಳನ ಬಾಲ್ಯ ಬರೆಯುವುದು, ನಾಯಕಿಯನ್ನು ಗೋಣಿಕೊಪ್ಪದ ಕಾಲೇಜಿಗೆ ಸೇರಿಸುವುದು – ಎಲ್ಲವೂ ಇದರಲ್ಲಿ ಬರುತ್ತವೆ. ಮೂಲ ಯಾವುದೆಂದು ಬರೆದವರು ಮುಚ್ಚಿಡುವುದಿಲ್ಲ. ಕಳ್ಳತನ ಮಾಡುವವರು ಮುಚ್ಚಿಡುತ್ತಾರೆ.

ಇಂಥ ಕಥೆ ಹಾಕುವ ಜಾಲತಾಣಗಳಲ್ಲಿ, ಇಂಗ್ಲಿಷ್‌ನಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ 1998ರಿಂದ, ವಾಟ್‌ಪ್ಯಾಡ್ 2006ರಿಂದ, ಆರ್ಕೈವ್ ಆಫ್ ಅವರ್ ಓನ್ 2009ರಿಂದ ನಡೆಯುತ್ತಿವೆ. ಕನ್ನಡದಲ್ಲಿ ಬರೆಯುವವರಿಗೆ 2014ರಲ್ಲಿ ಶುರುವಾದ ಪ್ರತಿಲಿಪಿ ಇದೆ, ವಾಟ್‌ಪ್ಯಾಡ್ ಮತ್ತು ಇನ್‌ಸ್ಟಾಗ್ರಾಂ ಕೂಡ ಇವೆ. ಬಹುಪಾಲು ಜನ ದುಡ್ಡಿಗಾಗಿ ಬರೆಯುವುದಿಲ್ಲ. ದುಡ್ಡು ಕೊಟ್ಟು ಪುಸ್ತಕ ಕೊಂಡವರು ಲೇಖಕರನ್ನು ತರಾಟೆಗೆ ತೆಗೆದುಕೊಂಡರೆ ಒಂದು ನ್ಯಾಯವಿದೆ. ಪುಕ್ಕಟೆ ಓದಿದ ಕಥೆಯ ಮೇಲೆ ನಮಗೆ ಅಷ್ಟು ಹಕ್ಕಿಲ್ಲ.

ಎಲ್ರಿಗೂ ಕಾಣೋ ಹಾಗೆ ಹಾಕಿದ್ದಾರೆ. ಮತ್ತೆ ನಗಬೇಡಿ ಅಂದ್ರೆ ಹೇಗೆ?

ಬಂದ ನಗುವನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಆ ನಗುವನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬುದಷ್ಟೇ ಪ್ರಶ್ನೆ. ಒಬ್ಬರೇ ಓದಿ ನಕ್ಕರೆ, ಪಕ್ಕದಲ್ಲಿ ಕೂತ ಗೆಳತಿಗೆ ತೋರಿಸಿ ನಕ್ಕರೆ ಯಾರಿಗೂ ನಷ್ಟವಿಲ್ಲ. ಅದನ್ನೇ ಬರೆದವರ ಕಥೆಯ ಕೆಳಗೆ ಹೋಗಿ ಬರೆದರೆ, ಅವರನ್ನು ಟ್ಯಾಗ್ ಮಾಡಿದರೆ, ಇನ್ನೂರು ಜನರ ಗುಂಪಿಗೆ ಕಥೆಯ ಕೊಂಡಿ ಎಸೆದು ‘ಹೋಗಿ ನೋಡಿ’ ಅಂದರೆ ಅದು ಓದುಗರ ಪ್ರತಿಕ್ರಿಯೆಯಾಗಿ ಉಳಿಯುವುದಿಲ್ಲ, ಒಬ್ಬರ ಮೇಲೆ ಗುಂಪು ಕಟ್ಟಿಕೊಂಡು ಹೋದ ಹಾಗಾಗುತ್ತದೆ.

ಮಡಿಕೇರಿ ದಸರಾದಲ್ಲಿ ದಶಮಂಟಪಗಳಿಗೆ ತೀರ್ಪುಗಾರರು ಅಂಕ ಹಾಕುತ್ತಾರೆ, ಮಂಟಪ ಕಟ್ಟಿದವರು ಅದಕ್ಕೆ ಸಿದ್ಧರಾಗಿಯೇ ಬೀದಿಗಿಳಿಯುತ್ತಾರೆ. ಮನೆಯಂಗಳದಲ್ಲಿ ರಂಗೋಲಿ ಹಾಕಿದವರಿಗೆ ಅಂಕ ಹಾಕಲು ಯಾರೂ ಹೋಗುವುದಿಲ್ಲ, ರಸ್ತೆಯಲ್ಲಿ ಹೋಗುವವರಿಗೆಲ್ಲ ಅದು ಕಂಡರೂ.

ವಿಮರ್ಶೆ, ಅಣಕ, ಟ್ರೋಲ್ – ಮೂರೂ ಒಂದೇ ಅಲ್ವಾ?

ಯಾರಿಗಾಗಿ ಬರೆದದ್ದು ಎಂದು ನೋಡಿದರೆ ಬೇರೆಯಾಗುತ್ತವೆ. ವಿಮರ್ಶೆ ಇರುವುದು ಕಥೆ ಬರೆದವರಿಗಾಗಿ ಅಥವಾ ಮುಂದೆ ಓದುವವರಿಗಾಗಿ. ಅಣಕ ನಗಲು ಬಂದವರಿಗಾಗಿ, ಅದರ ಗುರಿ ಒಂದು ಬರವಣಿಗೆಯ ರೀತಿ. ಟ್ರೋಲ್‌ಗೆ ಬರೆದ ವ್ಯಕ್ತಿಯೇ ಗುರಿ, ಆ ವ್ಯಕ್ತಿ ನೊಂದಾಗಲೇ ಅದಕ್ಕೆ ತೃಪ್ತಿ. ನೀವು ಬರೆದದ್ದು ಯಾವುದು ಎಂಬ ಅನುಮಾನ ಬಂದರೆ ಲೇಖಕರ ಹೆಸರು ತೆಗೆದು ಓದಿ. ಹೆಸರಿಲ್ಲದೆಯೂ ಅರ್ಥವಿದ್ದರೆ, ನಗು ಬಂದರೆ ಅದು ವಿಮರ್ಶೆ ಅಥವಾ ಅಣಕ. ಹೆಸರು ತೆಗೆದ ಕೂಡಲೇ ಸಪ್ಪೆಯಾದರೆ ಅಳಿಸಿಬಿಡಿ.

ಬರೆದವಳು ಯಾರ ಮನೆಯವಳು ಅಂತ ಗೊತ್ತಾಯ್ತು. ಹೇಳಿದ್ರೆ ತಪ್ಪೇನು?

ಇಡೀ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕಥೆ ಬರೆದವರು ಕೆಟ್ಟ ವಿಮರ್ಶೆಯನ್ನು ಮರೆಯುತ್ತಾರೆ, ಒಡೆದ ಗುಟ್ಟನ್ನು ಮತ್ತೆ ಮುಚ್ಚಲು ಆಗುವುದಿಲ್ಲ.

ಕೊಡಗಿನಲ್ಲಿ ಇದರ ಪರಿಣಾಮ ಬೇರೆ ಊರುಗಳಿಗಿಂತ ಹೆಚ್ಚು. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಹೆಸರಿನ ಹಿಂದೆ ಮನೆ ಹೆಸರಿರುತ್ತದೆ. ಮನೆ ಹೆಸರು ಹೇಳಿದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಅಪ್ಪ ಯಾರು, ತಾಯಿಯ ತವರು ಯಾವುದು ಎಂಬುದೂ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಒಂದು ಹೆಸರು ಸಾವಿರ ಹೆಸರುಗಳ ನಡುವೆ ಕರಗಿಹೋಗುತ್ತದೆ. ಇಲ್ಲಿ ಅದು ಮುಂದಿನ ಮದುವೆ ಮಂಟಪದಲ್ಲಿ ಅವಳ ಅಮ್ಮನ ಕಿವಿಗೆ ಬೀಳುತ್ತದೆ. ಧಾರಾವಾಹಿಯ ನಾಯಕನಿಗೆ ಒಂದು ಮುತ್ತಿನ ದೃಶ್ಯ ಬರೆದ ಹುಡುಗಿಯ ಫೋನು ಮನೆಯವರ ಕೈ ಸೇರುತ್ತದೆ, ಬರವಣಿಗೆ ಅಲ್ಲಿಗೆ ನಿಲ್ಲುತ್ತದೆ. ನೀವು ನಕ್ಕದ್ದು ಒಂದು ಕಥೆಗೆ, ಏಟು ಬಿದ್ದದ್ದು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ.

ಆದ್ದರಿಂದ ಕಾವ್ಯನಾಮದ ಹಿಂದಿನ ಹೆಸರು, ಮನೆ ಹೆಸರು, ಊರು, ಕಾಲೇಜು, ಕೆಲಸದ ಜಾಗ, ಫೋಟೋ, ಫೋನ್ ನಂಬರ್ – ಯಾವುದೂ ನಿಮ್ಮ ಬಾಯಿಂದ ಹೊರಗೆ ಬರಬಾರದು. ಸುಳಿವು ಕೊಡುವುದೂ ಹೆಸರು ಹೇಳಿದಂತೆಯೇ. ‘ಪೊನ್ನಂಪೇಟೆ ಕಡೆಯವಳು, ಫೈನಲ್ ಇಯರ್, ಹಾಕಿ ಆಡ್ತಾಳೆ’ ಅಂದರೆ ಸಾಕು, ಉಳಿದದ್ದನ್ನು ಕೇಳಿದವರೇ ಕೂಡಿಸಿಕೊಳ್ಳುತ್ತಾರೆ. ಹೊಗಳುವಾಗಲೂ ಇದೇ ಎಚ್ಚರ ಬೇಕು: ‘ನಮ್ಮ ಚಿಕ್ಕಮ್ಮನ ಮಗಳೇ ಬರೆದದ್ದು’ ಎಂಬ ಹೆಮ್ಮೆಯ ಸ್ಟೇಟಸ್ ಕೂಡ ಗುಟ್ಟನ್ನು ಒಡೆಯುತ್ತದೆ.

ಬಾಯಿ ಜಾರಿದ್ದರೆ ತಡಮಾಡಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡೂವರೆ ದಿನದ ಅವಕಾಶವಿದೆ. ಮೊದಲು ಅದನ್ನು ಅಳಿಸಿ. ನೋಡಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಮುಂದೆ ಕಳಿಸಬೇಡಿ ಎಂದು ಕೇಳಿ. ಗ್ರೂಪಿನಲ್ಲೇ ‘ಯಾರಿಗೂ ಹೇಳಬೇಡಿ’ ಎಂದು ಬರೆದರೆ ನೋಡದವರೂ ಹುಡುಕಲು ಹೊರಡುತ್ತಾರೆ. ಬರೆದವರಿಗೂ ಅದೇ ದಿನ ತಿಳಿಸಿ, ಬೇರೆಯವರಿಂದ ಕೇಳುವ ಮೊದಲು ಅವರು ತಯಾರಾಗಲಿ.

## ವಿಮರ್ಶೆ ಬರೆಯುವಾಗ

ಅಭಿಪ್ರಾಯ ಬೇಕು ಅಂತ ಬರೆದವರು ನಿಜವಾಗ್ಲೂ ಕೇಳಿದ್ದಾರಾ ಅಂತ ಹೇಗೆ ತಿಳಿಯೋದು?

ಅಧ್ಯಾಯದ ತಲೆಯಲ್ಲಿ ಮತ್ತು ಬುಡದಲ್ಲಿ ಲೇಖಕರ ಟಿಪ್ಪಣಿ ಇರುತ್ತದೆ, ಎರಡನ್ನೂ ಓದಿ. ‘ಮೊದಲ ಪ್ರಯತ್ನ, ತಪ್ಪಿದ್ದರೆ ಕ್ಷಮಿಸಿ’ ಎಂಬುದು ನಮ್ಮಲ್ಲಿ ಬರೀ ಸೌಜನ್ಯದ ಮಾತು, ತಪ್ಪು ಹುಡುಕಿಕೊಡಿ ಎಂಬ ಆಹ್ವಾನವಲ್ಲ. ‘ಹೇಗಿದೆ ಹೇಳಿ’ ಅಂದವರಿಗೆ ಬಹುತೇಕ ಬೇಕಾಗಿರುವುದು ಯಾರೋ ಓದಿದರು ಎಂಬ ಸಮಾಧಾನ. ‘ಫ್ಲ್ಯಾಶ್‌ಬ್ಯಾಕ್ ಗೊಂದಲ ಆಯ್ತಾ?’ ಎಂದು ನಿರ್ದಿಷ್ಟವಾಗಿ ಕೇಳಿದವರು ನಿಜವಾಗಿ ವಿಮರ್ಶೆ ಕೇಳಿದ್ದಾರೆ. ಅವರಿಗೆ ಫ್ಲ್ಯಾಶ್‌ಬ್ಯಾಕ್ ಬಗ್ಗೆಯೇ ಉತ್ತರ ಕೊಡಿ, ಶೀರ್ಷಿಕೆಯ ಬಗ್ಗೆ ಬೇಡ.

ಟಿಪ್ಪಣಿಯಲ್ಲಿ ಏನೂ ಇಲ್ಲದಿದ್ದರೆ ಇಷ್ಟವಾದದ್ದನ್ನು ಎಲ್ಲರ ಮುಂದೆ ಬರೆಯಿರಿ. ಸಲಹೆ ಇದ್ದರೆ ‘ಒಂದೆರಡು ಮಾತು ಹೇಳಬಹುದಾ?’ ಎಂದು ಖಾಸಗಿಯಾಗಿ ಒಮ್ಮೆ ಕೇಳಿ. ಉತ್ತರ ಬರಲಿಲ್ಲ ಎಂದರೆ ಬೇಡ ಎಂದರ್ಥ. ಮಳೆಗಾಲದಲ್ಲಿ ಕರೆಂಟೂ ಟವರೂ ಹೋಗಿ ವಾರಗಟ್ಟಲೆ ಉತ್ತರ ಬರದಿರುವುದೂ ಇಲ್ಲಿ ಮಾಮೂಲು, ನೆನಪಿಸಲು ಹೋಗಬೇಡಿ.

ಒಳ್ಳೆ ಕಾಮೆಂಟ್ ಅಂದ್ರೆ ಎಷ್ಟುದ್ದ, ಎಷ್ಟು ತಪ್ಪು ತೋರಿಸಬಹುದು?

ಕಥೆಯನ್ನು ಪೂರ್ತಿ ಓದಿ. ಮೂರನೇ ಅಧ್ಯಾಯದಲ್ಲಿ ತಪ್ಪೆಂದು ಕಂಡದ್ದಕ್ಕೆ ಎಂಟನೇ ಅಧ್ಯಾಯದಲ್ಲಿ ಕಾರಣ ಸಿಗುವುದುಂಟು. ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ ಕಳಿಸಿ. 150ರಿಂದ 200 ಪದ ಸಾಕು.

ಒಂದು ಒಳ್ಳೆಯ ಸಂಗತಿಯನ್ನು ಜಾಗ ಸಮೇತ ಹೇಳಿ: ‘ಚೆನ್ನಾಗಿದೆ’ ಎಂಬುದು ಯಾವ ಕಥೆಗೂ ಹೊಂದುತ್ತದೆ, ‘ಅಜ್ಜಿ ಬಾಗಿಲು ತೆರೆಯದೆ ಒಳಗಿಂದಲೇ ಮಾತಾಡುವ ಭಾಗ’ ಎಂಬುದು ಈ ಕಥೆಗೆ ಮಾತ್ರ ಹೊಂದುತ್ತದೆ. ಆಮೇಲೆ ಹೆಚ್ಚೆಂದರೆ ಎರಡು ತೊಡಕು. ಅಧ್ಯಾಯ, ಪ್ಯಾರಾ ತಿಳಿಸಿ. ಓದುವಾಗ ನಿಮಗೆ ಏನಾಯಿತು ಎಂದು ಹೇಳಿ: ‘ಇಲ್ಲಿ ಮಾತಾಡುತ್ತಿರುವವರು ಯಾರು ಎಂದು ತಿಳಿಯದೆ ಎರಡು ಸಲ ಹಿಂದಕ್ಕೆ ಹೋದೆ’. ಇದನ್ನು ಯಾರೂ ಅಲ್ಲಗಳೆಯಲಾರರು. ‘ನಿಮಗೆ ಸಂಭಾಷಣೆ ಬರೆಯಲು ಬರುವುದಿಲ್ಲ’ ಎಂಬುದಕ್ಕೆ ಉತ್ತರವೇ ಇಲ್ಲ, ಸುಮ್ಮನೆ ಗಾಯ.

ಐದಾರು ತಪ್ಪುಗಳ ಪಟ್ಟಿ ಕೊಟ್ಟರೆ ಬರೆದವರು ಒಂದನ್ನೂ ತಿದ್ದುವುದಿಲ್ಲ, ಕಥೆಯನ್ನೇ ಅಳಿಸುತ್ತಾರೆ. ಹೊಗಳಿಕೆಯ ಬೆನ್ನಿಗೇ ‘ಆದರೆ’ ಬಂದರೆ ಹೊಗಳಿದ್ದೆಲ್ಲ ಪೀಠಿಕೆಯಂತೆ ಕೇಳುತ್ತದೆ. ಎರಡನ್ನೂ ಬೇರೆ ಬೇರೆ ಪ್ಯಾರಾ ಮಾಡಿ, ‘ಆದರೆ’ ತೆಗೆಯಿರಿ. ದೃಶ್ಯವನ್ನು ನೀವೇ ತಿರುಗಿ ಬರೆದು ಕಳಿಸಬೇಡಿ, ಕಥೆ ಅವರದ್ದು.

ಮೂಲದಲ್ಲಿ ಆ ಪಾತ್ರ ಹಾಗಿಲ್ವೇ ಇಲ್ಲ! ಹೇಳ್ಬಹುದಾ?

ಮೊದಲು ಟ್ಯಾಗ್, ಅಂದರೆ ಲೇಖಕರು ಕಥೆಗೆ ಹಾಕಿದ ವಿಷಯಸೂಚಿ ನೋಡಿ. ಬೇರೆ ಲೋಕ, ಬೇರೆ ಕಾಲ ಎಂದು ಹಾಕಿದ್ದರೆ ಪಾತ್ರ ಬದಲಾಗಿರುವುದು ಉದ್ದೇಶಪೂರ್ವಕ. ಹಾಕಿಲ್ಲದಿದ್ದರೆ ಹೇಳಬಹುದು, ಕಥೆಯೊಳಗಿನ ಕಾರಣದೊಂದಿಗೆ: ‘ಎರಡನೇ ಅಧ್ಯಾಯದಲ್ಲಿ ಅಣ್ಣನಿಗೆ ಎದುರು ಮಾತಾಡದವಳು ನಾಲ್ಕರಲ್ಲಿ ಕಪಾಳಕ್ಕೆ ಹೊಡೆದಳು, ನಡುವೆ ಏನಾಯಿತು?’ ಯಾರಿಗೆ ಯಾರನ್ನು ಜೋಡಿ ಮಾಡಿದ್ದಾರೆ ಎಂಬುದು ಅವರ ಇಷ್ಟ. ಆ ಜೋಡಿ ಹಿಡಿಸದಿದ್ದರೆ ಓದಬೇಡಿ.

ಕೊಡಗಿನ ಬಗ್ಗೆ ಏನೇನೋ ಬರೀತಾರೆ. ಸಿಟ್ಟು ಬರುತ್ತೆ, ಬಿಡೋದು ಹೇಗೆ?

ಬಿಡಬೇಕಾಗಿಲ್ಲ, ತಿದ್ದಬೇಕು. ನೀವು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ವಿಮರ್ಶೆ ಇದೇ, ಏಕೆಂದರೆ ಹೊರಗಿನವರಿಗೆ ಇದನ್ನು ಹೇಳಿಕೊಡುವವರು ಬೇರೆ ಯಾರೂ ಇಲ್ಲ. ಪದೇ ಪದೇ ಕಾಣುವ ಮಾದರಿಯನ್ನು ಹೋಲುವ, ಇಲ್ಲಿಗೆಂದೇ ಬರೆದ ನಾಲ್ಕು ಸಾಲು ನೋಡಿ:

‘ಜುಲೈ ತಿಂಗಳ ಜಡಿಮಳೆ. ಮಡಿಕೇರಿ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಅವಳಿಗೆ ಕಾಫಿ ಹೂವಿನ ಘಮ ಮುತ್ತಿಕ್ಕಿತು. ಅವನು ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು.’

ಗೇಲಿ ಮಾಡುವವರ ಉತ್ತರ ಸಲೀಸು: ‘ಯೂಟ್ಯೂಬ್ ನೋಡಿ ಬರೆದ್ರಾ?’ ಓದುಗರಿಗೆ ಅರೆಗಳಿಗೆಯ ನಗು, ಬರೆದವರಿಗೆ ಅವಮಾನ, ಕಥೆಯಲ್ಲಿ ತಪ್ಪು ಹಾಗೇ ಉಳಿಯಿತು.

ಉಪಯೋಗಕ್ಕೆ ಬರುವ ಉತ್ತರ ಹೀಗಿರುತ್ತದೆ: ‘ಕೊಡಗು ಜಿಲ್ಲೆಗೆ ರೈಲು ಇಲ್ಲ. ಮೈಸೂರಿನಲ್ಲಿ ಇಳಿದು ಬಸ್ಸಿನಲ್ಲಿ ಬಂದರೆ ಆ ದಾರಿಯೇ ಒಂದು ದೃಶ್ಯವಾದೀತು. ಕಾಫಿ ಹೂ ಬಿಡುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ. ಮೂರ್ನಾಲ್ಕು ದಿನದಲ್ಲಿ ಬಾಡುತ್ತದೆ. ಹೂವೇ ಬೇಕಾದರೆ ತಿಂಗಳು ಬದಲಾಯಿಸಿ. ಜುಲೈಯೇ ಬೇಕಾದರೆ ಕಾಲಿಗೆ ಹತ್ತಿದ ಜಿಗಣೆ, ಒಲೆಯ ಮೇಲೆ ಒಣಗಲು ಹಾಕಿದ ಬಟ್ಟೆಗೆ ಹತ್ತಿದ ಹೊಗೆಯ ವಾಸನೆ ಇವೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರಕ್ಕೆ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸವೂ ಇದೆ.’ ಇದನ್ನು ಓದಿದವರಿಗೆ ತಿದ್ದುವ ಆಸೆ ಹುಟ್ಟುತ್ತದೆ, ತಪ್ಪಿನ ಜಾಗಕ್ಕೆ ಇಡಲು ಒಂದು ವಸ್ತು ಸಿಕ್ಕಿತಲ್ಲ. ಕೊನೆಯ ಎರಡು ವಾಕ್ಯಗಳ ನೋಟ ವಿನಿಮಯವನ್ನು ಈ ಸಲ ಮುಟ್ಟದೆ ಬಿಡಿ.

ಮದುವೆಯ ದೃಶ್ಯಗಳಲ್ಲೂ ಹೀಗೆಯೇ. ಕೊಡವ ಮದುವೆಯನ್ನು ಪುರೋಹಿತರು ನಡೆಸುವುದಿಲ್ಲ, ಹಿರಿಯರ ಮುಂದೆ ನಡೆಯುತ್ತದೆ. ಒಂದೇ ಒಕ್ಕದವರ ನಡುವೆ ಮದುವೆಯಿಲ್ಲ. ಗಂಡಸರು ಧರಿಸುವ ಪೀಚೆಕತ್ತಿ ಎಂಬ ಕಿರುಗತ್ತಿ ಮುಂದೆ ಸೊಂಟದಲ್ಲಿ, ಒಡಿಕತ್ತಿ ಎಂಬ ಅಗಲ ಕತ್ತಿ ಬೆನ್ನ ಕಡೆ. ತಪ್ಪಿದ್ದರೆ ಸರಿಯಾದದ್ದನ್ನು ಹೇಳಿ ಮುಗಿಸಿ, ‘ನಮ್ಮ ಸಂಸ್ಕೃತಿಗೆ ಅವಮಾನ’ ಎಂಬ ಕೂಗು ಬೇಡ. ಗೊತ್ತಿಲ್ಲದೆ ಬರೆದವರು ಹೆಚ್ಚು, ಅವಮಾನಿಸಲು ಬರೆದವರು ತೀರ ಕಡಿಮೆ.

ಕಾಗುಣಿತ ನೋಡಿದ್ರೆ ತಲೆ ಕೆಡುತ್ತೆ. ಅದನ್ನಾದ್ರೂ ಆಡಿಕೊಳ್ಳಬಹುದಾ?

ಬೇಡ. ಅದರಲ್ಲೂ ಕೊಡಗಿನವರ ಕನ್ನಡವನ್ನು ಬೇಡವೇ ಬೇಡ. ಇಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವ, ಕುರುಬ ಭಾಷೆ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು ಬಹಳ. ಅವರು ಕನ್ನಡದಲ್ಲಿ ಕಥೆ ಬರೆಯಲು ಕೂತದ್ದು ಕನ್ನಡಕ್ಕೆ ಸಿಕ್ಕ ಲಾಭ. ಅರೆಭಾಷೆಯ ಸಂಭಾಷಣೆ ಕಂಡರೆ ತಪ್ಪು ಕನ್ನಡವೆಂದು ತಿದ್ದಲು ಹೋಗಬೇಡಿ, ಅದು ತನ್ನದೇ ವ್ಯಾಕರಣವಿರುವ ನುಡಿ. ಅಕಾರ ಹಕಾರದ ಅದಲುಬದಲನ್ನು ಆಡಿಕೊಳ್ಳುವುದಂತೂ ಅಂತರ್ಜಾಲದ ಕನ್ನಡಿಗರ ಅತಿ ಹಳೆಯ, ಅತಿ ಕೆಟ್ಟ ಚಾಳಿ.

ಇನ್ನೊಂದಷ್ಟು ತಪ್ಪು ಕೀಬೋರ್ಡಿನದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವಾಗ ಲ–ಳ, ನ–ಣ, ಶ–ಷ ತಪ್ಪುತ್ತವೆ, ಮಾತಾಡಿ ಟೈಪಿಸಿದರೆ ಪದವೇ ಬದಲಾಗುತ್ತದೆ. ಒಂದೇ ತಪ್ಪು ಹತ್ತು ಕಡೆ ಇದ್ದರೆ ಒಂದನ್ನು ಮಾತ್ರ ಖಾಸಗಿಯಾಗಿ ತೋರಿಸಿ, ಉಳಿದವನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಬರೆದದ್ದು ಹೈಸ್ಕೂಲ್ ಹುಡುಗಿ ಅಂತ ಅನುಮಾನ. ಆವಾಗ?

ಟಿಪ್ಪಣಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಟ್ಯೂಷನ್, ‘ಅಮ್ಮ ಫೋನ್ ಕಿತ್ಕೊಂಡ್ರು’ ಎಂಬ ಮಾತುಗಳಿದ್ದರೆ ಮಗು ಎಂದೇ ತಿಳಿದುಕೊಳ್ಳಿ. ಹದಿನೆಂಟರ ಒಳಗಿನವರ ಬರಹದ ಅಣಕ ಬೇಡ, ಸ್ಕ್ರೀನ್‌ಶಾಟ್ ಬೇಡ. ಸಲಹೆಯನ್ನು ಖಾಸಗಿಯಾಗಿ ಕೊಡಿ ಎಂದು ಮೇಲೆ ಹೇಳಿದ್ದು ಇಲ್ಲಿ ಸಲ್ಲದು. ಗುರುತಿಲ್ಲದ ದೊಡ್ಡವರು ಮಗುವಿಗೆ ಖಾಸಗಿ ಸಂದೇಶ ಕಳಿಸುವುದೇ ಸರಿಯಲ್ಲ. ಹೇಳುವುದಿದ್ದರೆ ಎಲ್ಲರಿಗೂ ಕಾಣುವಂತೆ ಎರಡು ಸಾಲು, ಒಂದು ಮೆಚ್ಚುಗೆ, ಒಂದು ಸಣ್ಣ ಸಲಹೆ. ಆ ಮಗುವಿಗೆ ಯಾರೋ ಕಿರುಕುಳ ಕೊಡುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098 ಇದೆ.

ಹುಡುಕಿದ್ರೂ ಒಂದೂ ಒಳ್ಳೇದು ಸಿಗ್ತಿಲ್ಲ. ಏನು ಬರೀಲಿ?

ಏನೂ ಬರೆಯಬೇಡಿ. ಮುಂದಿನ ಕಥೆಗೆ ಹೋಗಿ.

## ಅಣಕ ಮಾಡುವಾಗ

ಹಾಗಾದ್ರೆ ಅಣಕ ಮಾಡ್ಲೇಬಾರದಾ?

ಮಾಡಿ, ಚೆನ್ನಾಗಿ ಮಾಡಿ. ಅಣಕ ಒಂದು ಕಲೆ. ಹಾಸ್ಯ ಲೇಖಕ ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಕಾಲು ಶತಮಾನ ಬರೀ ಹಾಸ್ಯವನ್ನೇ ನಂಬಿ ನಡೆದ ಪತ್ರಿಕೆ. ಕನ್ನಡದ ಓದುಗರಿಗೆ ನಗು ಹೊಸದಲ್ಲ.

ಫ್ಯಾನ್ ಫಿಕ್ಷನ್ ಲೋಕದ ಅತ್ಯಂತ ಹೆಸರುವಾಸಿಯಾದ ಅಣಕ 1973ರದು. ಅಮೆರಿಕದ ಪೌಲಾ ಸ್ಮಿತ್ ಎಂಬವರು ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಹಡಗಿನ ಟಿವಿ ಧಾರಾವಾಹಿಯ ಅಭಿಮಾನಿಗಳ ಒಂದು ಸಣ್ಣ ಪತ್ರಿಕೆಯಲ್ಲಿ ಮೇರಿ ಸ್ಯೂ ಎಂಬ ಹದಿನೈದೂವರೆ ವರ್ಷದ ಲೆಫ್ಟಿನೆಂಟಳ ಪುಟ್ಟ ಕಥೆ ಬರೆದರು. ಹಡಗಿಗೆ ಬಂದ ಕೂಡಲೇ ಎಲ್ಲರ ಕಣ್ಮಣಿ, ಎಲ್ಲ ವಿದ್ಯೆಯಲ್ಲೂ ಪಾರಂಗತೆ, ಕೊನೆಗೆ ಸತ್ತು ಎಲ್ಲರನ್ನೂ ಅಳಿಸುತ್ತಾಳೆ. ಆ ಕಾಲದ ಎಷ್ಟೋ ಅಭಿಮಾನಿ ಕಥೆಗಳಲ್ಲಿ ಇಂಥವಳೇ ನಾಯಕಿ. ಅಣಕ ಕುಟುಕಿದ್ದು ಆ ಅಚ್ಚನ್ನು, ಯಾರೊಬ್ಬ ಲೇಖಕಿಯನ್ನೂ ಹೆಸರಿಸಲಿಲ್ಲ. ಅದಕ್ಕೇ ಅದು ಐವತ್ತು ವರ್ಷ ಬಾಳಿತು. ಆಮೇಲೆ ಅದೇ ಹೆಸರು ಯಾವ ಗಟ್ಟಿ ನಾಯಕಿ ಕಂಡರೂ ಬೀಸುವ ದೊಣ್ಣೆಯಾಯಿತು ಎಂಬುದನ್ನೂ ಮರೆಯಬಾರದು. ಹುಡುಗಿಯರು ಬರೆದ ನಾಯಕಿಗೆ ಬೀಳುವ ಏಟು ಹುಡುಗರು ಬರೆದ ಸರ್ವಶಕ್ತ ನಾಯಕನಿಗೆ ಬೀಳುವುದು ಅಪರೂಪ.

ನಿಮ್ಮ ಅಣಕಕ್ಕೆ ಮುಂಚೆ ಆ ಬಗೆಯ ಐದಾರು ಬೇರೆ ಬೇರೆ ಲೇಖಕರ ಕಥೆ ಓದಿ. ಎಲ್ಲದರಲ್ಲೂ ಇರುವುದನ್ನು ಮಾತ್ರ ತೆಗೆದುಕೊಳ್ಳಿ: ಎಸ್ಟೇಟ್ ಬಂಗಲೆಯ ಸಿಡುಕು ಮೂತಿಯ ಮಾಲೀಕ, ಮಂಜಿನಲ್ಲಿ ಕೆಟ್ಟು ನಿಂತ ಜೀಪು, ಎರಡನೇ ಅಧ್ಯಾಯದಲ್ಲೇ ಒತ್ತಾಯದ ಮದುವೆ. ಯಾರ ವಾಕ್ಯವನ್ನೂ ಎತ್ತಬೇಡಿ, ಯಾರೊಬ್ಬರೂ ಸೃಷ್ಟಿಸಿದ ಹೆಸರು ಬಳಸಬೇಡಿ. ಒಬ್ಬರೇ ಬಳಸುವ ತಂತ್ರವನ್ನು ಅಣಕಿಸಿದರೆ ಹೆಸರು ಹಾಕದೆಯೂ ಅವರನ್ನೇ ತೋರಿಸಿದಂತೆ. ನೀವೂ ಪ್ರೀತಿಯಿಂದ ಓದುವ ಬಗೆಯನ್ನೇ ಆರಿಸಿಕೊಂಡರೆ ಅಣಕ ಹದವಾಗುತ್ತದೆ. ದ್ವೇಷಿಸುವ ಬಗೆಯನ್ನು ಅಣಕಿಸಲು ಹೋದವರಿಗೆ ಅದರ ಒಳಗುಟ್ಟು ತಿಳಿದಿರುವುದಿಲ್ಲ, ಹೊಡೆತ ಗುರಿ ತಪ್ಪುತ್ತದೆ.

ಕಥೆಯನ್ನ ಗಟ್ಟಿಯಾಗಿ ಓದ್ತಾ ಸಾಲು ಸಾಲಿಗೆ ಕಾಮೆಂಟ್ ಹೊಡೆಯೋ ವಿಡಿಯೋ ಮಾಡಬಹುದಾ? ಕಾನೂನು ಏನು ಹೇಳುತ್ತೆ?

ಬರೆದವರ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. ಯಾವ ಕಥೆ, ಎಷ್ಟು ಭಾಗ, ಎಲ್ಲಿ ಹಾಕುತ್ತೀರಿ, ದುಡ್ಡು ಬರುತ್ತದೆಯೇ ಎಂಬ ನಾಲ್ಕೂ ಆ ಸಂದೇಶದಲ್ಲಿರಲಿ. ಮಾಡಿದ ಮೇಲೆ ಹಾಕುವ ಮೊದಲು ಅವರಿಗೆ ತೋರಿಸಿ. ಅನುಮತಿ ಕೊಡುವವರಿದ್ದಾರೆ, ತಮ್ಮ ಹಳೆಯ ಕಥೆಗೆ ತಾವೇ ನಗುವವರೂ ಇದ್ದಾರೆ.

ಒಪ್ಪಿಗೆ ಇಲ್ಲದಿದ್ದರೆ ಪೂರ್ತಿ ಕಥೆಯನ್ನು ಓದಬಾರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ಕೃತಿಯನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಇಷ್ಟು ಪದ ಎಂಬ ಲೆಕ್ಕ ಅದರಲ್ಲಿಲ್ಲ, ಅಣಕದ ಪ್ರಸ್ತಾಪವೂ ಪ್ರತ್ಯೇಕವಾಗಿಲ್ಲ. ಒಂದು ಮಲಯಾಳ ನಾಟಕಕ್ಕೆ ಉತ್ತರವಾಗಿ ಬರೆದ ಪ್ರತಿನಾಟಕದ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್ 1996ರಲ್ಲಿ ಮೂರು ಸಂಗತಿ ನೋಡಿತು: ಎಷ್ಟು ತೆಗೆದುಕೊಂಡರು ಮತ್ತು ಅದರ ಮಹತ್ವವೇನು, ಯಾವ ಉದ್ದೇಶಕ್ಕೆ ತೆಗೆದುಕೊಂಡರು, ಎರಡು ಕೃತಿಗಳ ನಡುವೆ ಪೈಪೋಟಿ ಬರುತ್ತದೆಯೇ. ನಾವು ಸೂಚಿಸುವ ಮಿತಿ ಒಂದು ಅಧ್ಯಾಯಕ್ಕೆ ಮೂರರಿಂದ ಐದು ವಾಕ್ಯ, ಪ್ರತಿಯೊಂದಕ್ಕೂ ಅದಕ್ಕಿಂತ ಉದ್ದವಾದ ನಿಮ್ಮ ಮಾತು.

ಮಾನಹಾನಿಯ ಕಾನೂನಿನಲ್ಲಿ ಇನ್ನೂ ಸೊಗಸಾದ ಗೆರೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ, ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿಯ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದಕ್ಕೆ ವಿನಾಯಿತಿ ಉಂಟು. ಕರ್ತೃವಿನ ಗುಣದ ಬಗ್ಗೆಯೂ ಹೇಳಬಹುದು, ಅದು ಆ ಕೃತಿಯಲ್ಲಿ ಕಾಣುವಷ್ಟು ಮಾತ್ರ, ಅದರಾಚೆಗಿಲ್ಲ. ‘ಪುಸ್ತಕ ಪೆದ್ದಾಗಿದೆ, ಬರೆದವನು ದುರ್ಬಲ ಮನಸ್ಸಿನವನಿರಬೇಕು’ ಎಂಬುದಕ್ಕೆ ರಕ್ಷಣೆ ಸಿಕ್ಕೀತು. ‘ಅವನು ಎಂಥವನೆಂದು ಗೊತ್ತು, ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು’ ಎಂಬುದಕ್ಕೆ ಸಿಗದು. ಹಳೆಯ ದಂಡಸಂಹಿತೆಯಿಂದಲೂ ಇರುವ ಉದಾಹರಣೆಯ ಸಾರವಿದು, ಹವ್ಯಾಸಿಗಳ ವಿಮರ್ಶೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಾಗಿಲ್ಲ.

ನಮ್ ಗ್ರೂಪಲ್ಲಿ ಏಳೇ ಜನ. ಅಲ್ಲಿ ಸ್ಕ್ರೀನ್‌ಶಾಟ್ ಹಾಕಿ ನಕ್ಕರೆ ಯಾರಿಗೆ ಗೊತ್ತಾಗುತ್ತೆ?

ಏಳು ಜನರಲ್ಲಿ ಒಬ್ಬರಿಗೆ ಬರೆದವರ ಪರಿಚಯ ಇರುವುದು ಕೊಡಗಿನಲ್ಲಿ ಆಶ್ಚರ್ಯವೇ ಅಲ್ಲ. ಸ್ಕ್ರೀನ್‌ಶಾಟ್ ಹಾಕಲೇಬೇಕೆಂದರೆ ಕಾವ್ಯನಾಮ, ಪ್ರೊಫೈಲ್ ಚಿತ್ರ, ಕಥೆಯ ಶೀರ್ಷಿಕೆ ಮೂರನ್ನೂ ಕತ್ತರಿಸಿ ಹಾಕಿ. ಮೇಲೆ ಬಣ್ಣ ಬಳಿದರೆ ಸಾಲದು, ಅರೆಪಾರದರ್ಶಕ ಬಣ್ಣದಡಿಯ ಅಕ್ಷರ ಬೆಳಕು ಹೆಚ್ಚಿಸಿದರೆ ಕಾಣುತ್ತದೆ. ಅಪರೂಪದ ವಾಕ್ಯವಾದರೆ ಹುಡುಕಿದ ಕೂಡಲೇ ಮೂಲ ಸಿಗುತ್ತದೆ, ಅಂಥದ್ದನ್ನು ಹಾಕಬೇಡಿ. ಬಾಯಲ್ಲಿ ಹೇಳಿ ನಗುವುದು ಎಲ್ಲಕ್ಕಿಂತ ಸುರಕ್ಷಿತ.

ನಿಜವಾದ ನಟನ ಬಗ್ಗೆ ಬರೆದ ಪ್ರೇಮಕಥೆ ಇದೆ. ಅವರಿಗೇ ಟ್ಯಾಗ್ ಮಾಡಿದ್ರೆ ಮಜಾ ಇರುತ್ತಲ್ವಾ?

ಇಲ್ಲ. ತನ್ನ ಬಗ್ಗೆ ಅಪರಿಚಿತರು ಬರೆದ ಪ್ರಣಯವನ್ನು ಓದಬೇಕಾದ ನಟನಿಗೂ ಮುಜುಗರ, ಬರೆದವರಿಗೂ ಮುಜುಗರ, ನಟನ ಅಭಿಮಾನಿ ಬಳಗ ಬೆನ್ನು ಹತ್ತಿದರೆ ಅಪಾಯ ಬೇರೆ. ಸಂದರ್ಶನದಲ್ಲಿ ನಟರಿಗೆ ಇಂಥ ಕಥೆ ಓದಿಸಿ ನಗಿಸುವುದೂ ಇದೇ ಬಗೆಯ ತಪ್ಪು.

## ತೊಡಕಿನ ಪ್ರಶ್ನೆಗಳು

ಕಥೆಯಲ್ಲಿ ತೋಟದ ಕೆಲಸದವರನ್ನ ಕೀಳಾಗಿ ತೋರಿಸಿದ್ದಾರೆ. ಅಲ್ಲೂ ಮೆತ್ತಗೆ ಮಾತಾಡ್ಬೇಕಾ?

ಮೆತ್ತಗೆ ಬೇಕಾಗಿಲ್ಲ, ನೇರವಾಗಿ ಹೇಳಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಎರವರನ್ನೋ ಜೇನುಕುರುಬರನ್ನೋ ನಗೆಪಾಟಲಿನ ಪಾತ್ರ ಮಾಡಿದ್ದರೆ, ಬಲಾತ್ಕಾರವನ್ನು ಪ್ರೀತಿಯೆಂದು ಬಣ್ಣಿಸಿದ್ದರೆ ಅದು ಕಾಗುಣಿತದ ತಪ್ಪಿನಂತಲ್ಲ, ಓದಿದವರ ಮೇಲೆ ಪರಿಣಾಮ ಮಾಡುತ್ತದೆ. ದೊಡ್ಡವರ ಕಥೆಗೆ ಅನುಮತಿ ಕೇಳದೆ ಎಲ್ಲರೆದುರಿಗೇ ಬರೆಯಬಹುದಾದ ವಿಮರ್ಶೆ ಇದೊಂದೇ.

ಎರಡು ಎಚ್ಚರಗಳಿವೆ. ಪಾತ್ರವೊಂದು ಕೆಟ್ಟ ಮಾತಾಡುವುದಕ್ಕೂ ಕಥೆಯೇ ಆ ಮಾತನ್ನು ಒಪ್ಪುವುದಕ್ಕೂ ವ್ಯತ್ಯಾಸವಿದೆ, ಯಾವುದೆಂದು ನಿರ್ಧರಿಸಲು ಕೊನೆಯವರೆಗೆ ಓದಬೇಕು. ಎಚ್ಚರಿಕೆಯ ಟ್ಯಾಗ್ ಇದೆಯೇ ಎಂಬುದನ್ನೂ ನೋಡಿ. ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ತೀವ್ರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಎಂಬ ನಾಲ್ಕು ಎಚ್ಚರಿಕೆಗಳಿವೆ. ಎಚ್ಚರಿಕೆ ಕೊಡುವುದಿಲ್ಲ ಎಂದು ಆರಿಸುವ ಅವಕಾಶವೂ ಲೇಖಕರಿಗಿದೆ, ಹಾಗಿದ್ದರೆ ಏನು ಬೇಕಾದರೂ ಬರಬಹುದೆಂದು ತಿಳಿದು ಓದಬೇಕು. ಇಂಥ ಕಡೆ ಹಾಸ್ಯ ಮಾತ್ರ ಬೇಡ. ಹಾಸ್ಯ ಸೇರಿದರೆ ಬರೆದವರು ‘ಟ್ರೋಲ್ ಮಾಡ್ತಿದ್ದಾರೆ’ ಎಂದು ತಪ್ಪಿಸಿಕೊಳ್ಳುತ್ತಾರೆ, ನಿಮ್ಮ ಆಕ್ಷೇಪ ಬಿದ್ದುಹೋಗುತ್ತದೆ.

ಈ ಕಥೆ ಬೇರೆಯವರದ್ದು, ಹೆಸರು ಬದಲಾಯಿಸಿ ಹಾಕಿದ್ದಾರೆ ಅನ್ಸುತ್ತೆ. ಬಯಲು ಮಾಡ್ಲಾ?

ಎರಡು ಕಥೆಗಳ ಅದೇ ಭಾಗಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಕಥಾವಸ್ತು ಒಂದೇ ಇದ್ದರೆ ಅದು ಕಳ್ಳತನವಲ್ಲ, ವಾಕ್ಯಗಳು ಒಂದೇ ಇರಬೇಕು. ಎರಡರ ದಿನಾಂಕ ನೋಡಿ, ಒಬ್ಬರೇ ಎರಡು ಹೆಸರಿನಲ್ಲಿ ಹಾಕಿರಬಹುದೇ ಎಂದೂ ಯೋಚಿಸಿ. ಖಚಿತವಾದರೆ ಮೂಲ ಲೇಖಕರಿಗೆ ತಿಳಿಸಿ. ವೇದಿಕೆಗೆ ದೂರು ಕೊಡುವುದು, ಬಿಡುವುದು ಅವರ ತೀರ್ಮಾನ. ಸಾಕ್ಷಿಯಿಲ್ಲದೆ ‘ಕಳ್ಳಿ’ ಎಂದು ಬರೆದು ಆಮೇಲೆ ಸುಳ್ಳೆಂದಾದರೆ ಆ ಮಾತನ್ನು ಹಿಂತೆಗೆದುಕೊಂಡರೂ ಕೇಳಿದವರು ಮರೆಯುವುದಿಲ್ಲ.

ನನ್ನ ಕಥೆಯನ್ನೇ ಗೇಲಿ ಮಾಡಿ ಹಾಕಿದ್ದಾರೆ. ಈಗ ನಾನು ಏನ್ ಮಾಡ್ಲಿ?

ಆ ದಿನ ಉತ್ತರ ಕೊಡಬೇಡಿ. ಉತ್ತರ ಕೊಟ್ಟಷ್ಟೂ ಅವರಿಗೆ ಎರಡನೇ ಕಂತು ಸಿಗುತ್ತದೆ. ಕಥೆಯನ್ನೂ ಕೂಡಲೇ ಅಳಿಸಬೇಡಿ. ಎಷ್ಟೋ ಜನ ಆ ರಾತ್ರಿ ಅಳಿಸಿ, ಪ್ರತಿ ಉಳಿಸಿಕೊಳ್ಳದೆ, ತಿಂಗಳ ನಂತರ ಮರುಗುತ್ತಾರೆ. ಮೊದಲು ಕಥೆಯ ಪ್ರತಿಯನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಬೇಕೆನಿಸಿದರೆ ಮರೆಮಾಡಿ ಅಥವಾ ಕಾಮೆಂಟ್ ಮುಚ್ಚಿ. ಗೇಲಿಯ ಸ್ಕ್ರೀನ್‌ಶಾಟನ್ನು ದಿನಾಂಕ, ವಿಳಾಸ ಕಾಣುವಂತೆ ತೆಗೆದಿಡಿ.

ಅವರು ಬರಹಕ್ಕೆ ಮಾತ್ರ ನಕ್ಕಿದ್ದರೆ ಅವರನ್ನು ಬ್ಲಾಕ್ ಮಾಡಿ ಮುಂದೆ ಸಾಗಿ. ನಿಮ್ಮ ಹೆಸರು, ಫೋಟೋ, ಮನೆ ಹೊರಗೆ ಹಾಕಿದ್ದರೆ ದಾರಿ ಬೇರೆ: ವೇದಿಕೆಗೆ ದೂರು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ಹೆಣ್ಣುಮಕ್ಕಳನ್ನು ಅಂತರ್ಜಾಲದಲ್ಲಿ ಬೆನ್ನು ಹತ್ತುವುದು ನ್ಯಾಯ ಸಂಹಿತೆಯ 78ನೇ ಕಲಂನಡಿ ಅಪರಾಧ. ಠಾಣೆಗೆ ಹೋಗುವಾಗ ಮನೆಯಲ್ಲಿ ನಂಬಿಕೆಯಿರುವ ಒಬ್ಬರಿಗೆ, ಅಕ್ಕನಿಗೋ ಸೋದರಮಾವನಿಗೋ, ಮೊದಲೇ ಹೇಳಿರಿ. ಅಪ್ಪ ಅಮ್ಮನಿಗೆ ಊರವರಿಂದ ತಿಳಿಯುವುದಕ್ಕಿಂತ ಆ ಮನೆಯವರಿಂದಲೇ ತಿಳಿದರೆ ಒಳ್ಳೆಯದು.

ಗೇಲಿ ಮಾಡಿ ಹಾಕಿಬಿಟ್ಟಿದ್ದೆ. ಈಗ ತಪ್ಪು ಅನ್ನಿಸ್ತಿದೆ. ಸರಿ ಮಾಡೋದು ಹೇಗೆ?

ಮೊದಲು ಹಾಕಿದ್ದನ್ನು ತೆಗೆಯಿರಿ. ಹಂಚಿದವರಿಗೂ ತೆಗೆಯಲು ಹೇಳಿ. ಆಮೇಲೆ ಬರೆದವರಿಗೆ ಒಂದೇ ಸಂದೇಶ: ಏನು ಹಾಕಿದ್ದೆ, ಯಾವಾಗ ತೆಗೆದೆ, ಕ್ಷಮಿಸಿ. ಮೂರು ವಾಕ್ಯ ಸಾಕು. ‘ತಮಾಷೆಗೆ ಮಾಡಿದ್ದು’, ‘ನಿಮಗೆ ಬೇಸರವಾಗಿದ್ದರೆ’ ಎಂಬ ಮಾತು ಸೇರಿಸಬೇಡಿ. ಉತ್ತರ ಕೇಳಬೇಡಿ. ಗೇಲಿ ಎಲ್ಲರೆದುರು ನಡೆದಿದ್ದರೆ ಕ್ಷಮೆಯೂ ಅಲ್ಲೇ ಆಗಬೇಕು, ಆದರೆ ಬರೆದವರ ಹೆಸರೋ ಕಥೆಯ ಹೆಸರೋ ಅದರಲ್ಲಿ ಮತ್ತೆ ಬರಬಾರದು. ಅವರು ಬ್ಲಾಕ್ ಮಾಡಿದ್ದರೆ ಬೇರೆ ಖಾತೆಯಿಂದ ಕಳಿಸಬೇಡಿ, ಅವರ ನೆಂಟರ ಮೂಲಕವೂ ಹೇಳಿ ಕಳಿಸಬೇಡಿ. ಮುಂದೆ ಅವರು ಹೊಸ ಕಥೆ ಹಾಕಿದರೆ ಓದಿ. ಅದರ ಕೆಳಗೆ ನೀವು ಬರೆಯುವುದು ಬೇಡ.